ತರಗತಿ ನಗುನಗುತ್ತಲೂ ಇರಬೇಕು, ಪಟ್ಟೂ ಸಡಿಲಬಾರದು: ಒಂಬತ್ತನೇ ತರಗತಿಯಲ್ಲಿ ಇದು ಸಾಧ್ಯವೇ?

ಕಾಫಿಹೂ
ಕೊಡಗಿನ ಸಿದ್ದಾಪುರದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಒಂಬತ್ತನೇ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ಕಾಫಿ ತೋಟದ ಕಾರ್ಮಿಕರ ಲೈನ್ ಮನೆಗಳಿಂದ, ಆದಿವಾಸಿ ಹಾಡಿಗಳಿಂದ ಬರುವವರು. ಮನೆಯಲ್ಲಿ ಯರವ ಭಾಷೆ, ಮಲಯಾಳ, ತಮಿಳು, ಈಚೆಗೆ ಅಸ್ಸಾಮಿಯೂ ಸೇರಿದೆ. ಶಾಲೆಯಲ್ಲಿ ಮಾತ್ರ ಕನ್ನಡ.

ಮಕ್ಕಳಿಗೆ ನನ್ನ ಭಯವಿಲ್ಲ. ನಗುತ್ತಾರೆ, ಮಾತನಾಡುತ್ತಾರೆ, ಮನೆಯ ಸುದ್ದಿ ಹೇಳುತ್ತಾರೆ. ಸಮಸ್ಯೆ ಗಣಿತದ್ದು. ಬೀಜಗಣಿತದ ಸ್ವಲ್ಪ ಕಷ್ಟದ ಲೆಕ್ಕ ಕೊಟ್ಟ ತಕ್ಷಣ ಹಿಂದಿನ ಬೆಂಚು ಮುಂದಿನ ಬೆಂಚಿನ ನೋಟ್ಸಿನ ಮೇಲೆ ಬೀಳುತ್ತದೆ. ನೀವೇ ಮಾಡಬೇಕು ಎಂದು ಪಟ್ಟು ಹಿಡಿದರೆ ಮರುದಿನ ಮೂರ್ನಾಲ್ಕು ಮಂದಿ ಗೈರು. ಸುಲಭದ ಲೆಕ್ಕ ಕೊಟ್ಟರೆ ಎಲ್ಲರೂ ಸಂತೋಷವಾಗಿರುತ್ತಾರೆ, ಯಾರೂ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ.

ಶಿಕ್ಷಕರ ಕೊಠಡಿಯಲ್ಲಿ ಎರಡು ಸಲಹೆ ಸಿಕ್ಕಿವೆ. ಒಂದು, "ಸಲಿಗೆ ಕೊಟ್ಟಿದ್ದೀರಿ, ಅನುಭವಿಸಿ." ಇನ್ನೊಂದು, "ಆ ಮಕ್ಕಳಿಂದ ಅಷ್ಟೆಲ್ಲ ನಿರೀಕ್ಷಿಸಬೇಡಿ, ಪಾಪ, ಪಾಸಾದರೆ ಸಾಕು." ಎರಡೂ ನನಗೆ ಒಪ್ಪಿಗೆಯಿಲ್ಲ. ಆದರೆ ಮೂರನೆಯ ದಾರಿ ಯಾವುದು ಎಂದು ಸ್ಪಷ್ಟವಾಗುತ್ತಿಲ್ಲ. ಮಾಡಿ ನೋಡಿದವರು ಹೇಳಿ. ಭಾಷಣ ಬೇಡ, ದಯವಿಟ್ಟು.

ನಿವೃತ್ತ ಮೇಷ್ಟ್ರು, ಸೋಮವಾರಪೇಟೆ
ಭಾಷಣ ಬೇಡ ಎಂದಿದ್ದೀರಿ, ಹಾಗಾಗಿ ಚಿಕ್ಕದಾಗಿ ಹೇಳುತ್ತೇನೆ. ದಂಡಂ ದಶಗುಣಂ. ನಮ್ಮ ಕಾಲದಲ್ಲಿ ಮೇಜಿನ ಮೇಲೆ ಬೆತ್ತ ಇರುತ್ತಿತ್ತು, ಹೊಡೆಯುವ ಪ್ರಸಂಗ ಅಪರೂಪ. ಅದು ಅಲ್ಲಿದ್ದರೆ ಸಾಕಿತ್ತು. ಆ ಮಕ್ಕಳೇ ಈಗ ದಾರಿಯಲ್ಲಿ ಸಿಕ್ಕರೆ ಕಾಲಿಗೆ ನಮಸ್ಕಾರ ಮಾಡುತ್ತಾರೆ.

ನಾಲ್ಕೂವರೆ ಬಸ್
ನಮಸ್ಕಾರ ಮಾಡುವವರು ದಾರಿಯಲ್ಲಿ ಸಿಗುತ್ತಾರೆ ಸರ್. ಏಳನೇ ತರಗತಿಯಲ್ಲೇ ಶಾಲೆ ಬಿಟ್ಟವರು ನಿಮ್ಮನ್ನು ಕಂಡರೆ ಪಕ್ಕದ ದಾರಿ ಹಿಡಿಯುತ್ತಾರೆ. ಅವರ ಲೆಕ್ಕ ಯಾರು ಇಟ್ಟಿದ್ದಾರೆ?

ಕಾನೂನು ಪಾಯಿಂಟ್
ಮೇಷ್ಟ್ರೇ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತವನ್ನು ಮೇಜಿನ ಮೇಲಿಟ್ಟು ಹೆದರಿಸುವುದು ಎರಡನೆಯದಕ್ಕೆ ಬಹಳ ಹತ್ತಿರ.

ನಿವೃತ್ತ ಮೇಷ್ಟ್ರು, ಸೋಮವಾರಪೇಟೆ
ಆ ಕಾಯ್ದೆ ಹದಿನಾಲ್ಕು ವರ್ಷದವರೆಗೆ. ಒಂಬತ್ತನೇ ತರಗತಿಯ ಮಗುವಿಗೆ ಅದು ದಾಟಿರುತ್ತದೆ.

ಕಾನೂನು ಪಾಯಿಂಟ್
ಅದಕ್ಕೂ ಉತ್ತರವಿದೆ. 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಮಗುವಿನ ಮೇಲಿನ ಕ್ರೌರ್ಯದ ಬಗ್ಗೆ. ಅಲ್ಲಿ ಮಗು ಎಂದರೆ ಹದಿನೆಂಟು ತುಂಬದವರು. ಇನ್ನು ಮುಂದೆ ವಯಸ್ಸಿನ ವಾದ ಬೇಡ.

ಏಲಕ್ಕಿ ಗಿಡ
ಬೆತ್ತದ ಚರ್ಚೆಗೆ ಬೇರೆ ಜಾಗವಿದೆ. ಟೀಚರ್ ಕೇಳಿದ್ದು ಬೆತ್ತದ ಬಗ್ಗೆ ಅಲ್ಲ. ನನ್ನ ಮಗಳು ಮಡಿಕೇರಿಯ ಖಾಸಗಿ ಶಾಲೆಯಲ್ಲಿ ಓದುತ್ತಾಳೆ. ಅಲ್ಲಿ ನಿರೀಕ್ಷೆಗೇನೂ ಕಡಿಮೆಯಿಲ್ಲ, ಬೆತ್ತವೂ ಇಲ್ಲ. ಆದರೆ ಪ್ರತಿ ಪರೀಕ್ಷೆಯ ನಂತರ ಅಂಕಗಳನ್ನು ಗಟ್ಟಿಯಾಗಿ ಓದುತ್ತಾರೆ. ಭಾನುವಾರ ಸಂಜೆಯಾದರೆ ಅವಳಿಗೆ ಹೊಟ್ಟೆನೋವು. ಬೆತ್ತವಿಲ್ಲದೆಯೂ ತರಗತಿಯನ್ನು ನರಕ ಮಾಡಬಹುದು ಎನ್ನುವುದಕ್ಕೆ ಹೇಳಿದೆ.

ತಿತಿಮತಿ ತಿರುವು
ಕಾಫಿಹೂ, ನಿಮ್ಮ ಎರಡನೆಯ ಸಹೋದ್ಯೋಗಿಯ ಮಾತೇ ಹೆಚ್ಚು ಅಪಾಯದ್ದು ಎಂದು ನನ್ನ ಅನಿಸಿಕೆ. ನಾನು ಆಶ್ರಮ ಶಾಲೆಯಲ್ಲಿ ಜೇನುಕುರುಬ, ಯರವ ಮಕ್ಕಳಿಗೆ ಕಲಿಸುತ್ತಿದ್ದೇನೆ. ಇಲ್ಲಿ ಹೊಡೆಯುವವರು ಈಗ ಕಡಿಮೆ, ಕನಿಕರಿಸುವವರೇ ಹೆಚ್ಚು. "ಬಂದು ಊಟ ಮಾಡಿ ಕೂತರೆ ಅದೇ ದೊಡ್ಡದು" ಎನ್ನುತ್ತಾರೆ. ತಪ್ಪು ಉತ್ತರಕ್ಕೂ "ಗುಡ್", ಖಾಲಿ ಹಾಳೆಗೂ "ಪರವಾಗಿಲ್ಲ". ಮಕ್ಕಳಿಗೆ ಇದೆಲ್ಲ ಅರ್ಥವಾಗುತ್ತದೆ. ಈ ಟೀಚರ್ ನನ್ನಿಂದ ಏನನ್ನೂ ಬಯಸುವುದಿಲ್ಲ ಎಂದು ವಾರದೊಳಗೆ ತಿಳಿದುಕೊಳ್ಳುತ್ತಾರೆ. ಆಮೇಲೆ ಅವರೂ ಏನನ್ನೂ ಕೊಡುವುದಿಲ್ಲ.

ಜೂಡಿತ್ ಕ್ಲೈನ್‌ಫೆಲ್ಡ್ ಎಂಬ ಸಂಶೋಧಕಿ ಅಲಾಸ್ಕಾದ ಹಳ್ಳಿಗಳಿಂದ ಪಟ್ಟಣದ ಪ್ರೌಢಶಾಲೆಗಳಿಗೆ ಬಂದ ಮೂಲನಿವಾಸಿ ಮಕ್ಕಳ ತರಗತಿಗಳನ್ನು ನೋಡಿ 1975ರಲ್ಲಿ ಬರೆದದ್ದು ನನಗೆ ನಮ್ಮ ಜಿಲ್ಲೆಯನ್ನೇ ನೋಡಿ ಬರೆದಂತೆ ಕಂಡಿತು. ಪಾಠದಲ್ಲೇ ಮುಳುಗಿ ಮಕ್ಕಳ ಕಡೆ ನೋಡದ ಶಿಕ್ಷಕರಿಂದ ಆ ಮಕ್ಕಳು ಕಲಿಯಲಿಲ್ಲ. ತುಂಬಾ ಪ್ರೀತಿಯಿಂದಿದ್ದು ಏನನ್ನೂ ಕೇಳದ ಶಿಕ್ಷಕರಿಂದಲೂ ಕಲಿಯಲಿಲ್ಲ. ಮೊದಲು ಆತ್ಮೀಯತೆ ಬೆಳೆಸಿಕೊಂಡು, ಆಮೇಲೆ ಅದೇ ಸಲಿಗೆಯ ಮೇಲೆ ಬಿಗಿಯಾಗಿ ಕೆಲಸ ಕೇಳಿದವರಿಗೆ ಮಾತ್ರ ಮಕ್ಕಳು ಒಲಿದರು. ನಿಮ್ಮಲ್ಲಿ ಮೊದಲರ್ಧ ಆಗಲೇ ಇದೆ. ಸಲಿಗೆ ಕೊಟ್ಟದ್ದು ತಪ್ಪಲ್ಲ, ಆ ಸಲಿಗೆಯನ್ನು ಇನ್ನೂ ಬಳಸಿಲ್ಲ, ಅಷ್ಟೇ.

ನಾಲ್ಕೂವರೆ ಬಸ್
ಅಲಾಸ್ಕಾ! ಅಲ್ಲಿ ಹಿಮ, ಇಲ್ಲಿ ಜುಲೈ ಮಳೆ.

ಬ್ರಹ್ಮಗಿರಿ ಮಂಜು
ಮಳೆ ಎಂದಿರಿ, ನೆನಪಾಯಿತು. ನಿರೀಕ್ಷೆ ಎತ್ತರ ಇಡುವುದಕ್ಕೆ ಮೊದಲು ಶಾಲೆ ನಡೆಯಬೇಕಲ್ಲ? ಜೂನ್‌ನಿಂದ ಆಗಸ್ಟ್‌ವರೆಗೆ ಮಕ್ಕಳು ಪುಸ್ತಕಕ್ಕಿಂತ ಹೆಚ್ಚಾಗಿ ಜಿಲ್ಲಾಧಿಕಾರಿಗಳ ರಜೆ ಆದೇಶವನ್ನೇ ಓದುತ್ತಾರೆ. ಹಳೆಯ ವರ್ಷದ ಆದೇಶದ ದಿನಾಂಕ ತಿದ್ದಿ ಹರಿಬಿಡುವವರು ಬೇರೆ.

ಅತಿಥಿ ಶಿಕ್ಷಕಿ, ಶನಿವಾರಸಂತೆ
ಆ ತಿದ್ದುವ ಕೆಲಸಕ್ಕೆ ಬೇಕಾದ ಏಕಾಗ್ರತೆ ನನ್ನ ತರಗತಿಯಲ್ಲಿ ಎಂದೂ ಕಂಡಿಲ್ಲ.

ಬ್ರಹ್ಮಗಿರಿ ಮಂಜು
ನಗುವ ಮಾತಲ್ಲ. 2018ರ ಆಗಸ್ಟ್ ನಂತರ ನಮ್ಮ ಭಾಗದ ಪೋಷಕರಿಗೆ ಜೋರು ಮಳೆ ಎಂದರೆ ಎದೆ ಹೊಡೆದುಕೊಳ್ಳುತ್ತದೆ. ಗುಡ್ಡ ಕುಸಿದದ್ದನ್ನು ಕಣ್ಣಾರೆ ಕಂಡವರು ಮಗುವನ್ನು ಕಳುಹಿಸಲಿಲ್ಲ ಎಂದರೆ ಅದನ್ನು ಅಸಡ್ಡೆ ಎನ್ನಬೇಡಿ.

ಲೈನ್ ಮನೆ ಹುಡುಗ
ನಾನು ಆ ಹಿಂದಿನ ಬೆಂಚಿನವನು. ಅಮ್ಮ ಈಗಲೂ ಪಾಲಿಬೆಟ್ಟದ ಕಡೆಯ ತೋಟದಲ್ಲಿ ಕೊಯ್ಲಿಗೆ ಹೋಗುತ್ತಾರೆ. ನಾನು ಡಿಪ್ಲೊಮಾ ಮುಗಿಸಿ ಮೈಸೂರಿನಲ್ಲಿ ಕೆಲಸದಲ್ಲಿದ್ದೇನೆ. ಒಳಗಿನಿಂದ ಒಂದಿಷ್ಟು ಹೇಳಬೇಕು ಎನಿಸಿತು.

ಮರುದಿನ ಮೂರ್ನಾಲ್ಕು ಮಂದಿ ಗೈರು ಎಂದಿದ್ದೀರಿ. ಲೆಕ್ಕ ಕಷ್ಟ ಎಂದು ಅಲ್ಲ. ಬೋರ್ಡಿನ ಮುಂದೆ ನಿಂತು ಬಾರದೆ ಹೋದರೆ ಎಲ್ಲರೂ ನೋಡುತ್ತಾರೆ. ಸಂಜೆ ಆ ಸುದ್ದಿ ಲೈನಿಗೆ ನಮಗಿಂತ ಮೊದಲು ತಲುಪುತ್ತದೆ, ಏಕೆಂದರೆ ಗೋಡೆಗೆ ಗೋಡೆ ಅಂಟಿಕೊಂಡಿದೆ. ಅದಕ್ಕಿಂತ ಒಂದು ದಿನ ಅಮ್ಮನ ಜೊತೆ ತೋಟಕ್ಕೆ ಹೋಗುವುದು ಸುಲಭ. ಗೈರು ಹಾಜರಾದರೆ ಒಬ್ಬರೂ ನಗುವುದಿಲ್ಲ.

ನನಗೆ ಕಲಿಸಿದ ವಿಜ್ಞಾನದ ಟೀಚರ್ ಒಬ್ಬರಿದ್ದರು. ಬೋರ್ಡಿಗೆ ಯಾರನ್ನೂ ಕರೆಯುತ್ತಿರಲಿಲ್ಲ. ನಮ್ಮ ಬೆಂಚಿಗೇ ಬಂದು, ತಗ್ಗಿದ ದನಿಯಲ್ಲಿ, "ಇಲ್ಲಿಯವರೆಗೆ ಸರಿ, ಇಲ್ಲಿಂದ ತಪ್ಪು, ನಾಳೆ ಮತ್ತೆ ತೋರಿಸು" ಎನ್ನುತ್ತಿದ್ದರು. ನಾಳೆ ತೋರಿಸದಿದ್ದರೆ ನಾಡಿದ್ದು ಕೇಳುತ್ತಿದ್ದರು. ಬಿಟ್ಟುಬಿಡುವವರೇ ಅಲ್ಲ. ನಮಗೆ ಸಿಟ್ಟು ಬರುತ್ತಿತ್ತು. ಆದರೆ ಅವರ ತರಗತಿಯನ್ನು ತಪ್ಪಿಸಿಕೊಂಡರೆ ಮರುದಿನ ಹೆಸರು ಹಿಡಿದು ಏನಾಯಿತು ಎಂದು ವಿಚಾರಿಸುವವರೂ ಅವರೊಬ್ಬರೇ.

ಕಾಫಿಹೂ
ಬೋರ್ಡಿನ ವಿಷಯ ನಿಜಕ್ಕೂ ಉಪಯುಕ್ತ. ನಾನು ಪ್ರೋತ್ಸಾಹವೆಂದು ಕರೆಯುವುದು ಅವರಿಗೆ ಹಾಗೆ ಕಾಣುತ್ತಿಲ್ಲ ಎಂದಾಯಿತು. ಆದರೆ ಬೆಂಚಿನಿಂದ ಬೆಂಚಿಗೆ ಹೋಗುತ್ತಾ ಕೂತರೆ ಪಾಠ ಮುಗಿಯುವುದು ಹೇಗೆ?

ಅತಿಥಿ ಶಿಕ್ಷಕಿ, ಶನಿವಾರಸಂತೆ
ಎಲ್ಲ ಬೆಂಚಿಗೂ ಎಲ್ಲ ದಿನವೂ ಹೋಗಬೇಕಾಗಿಲ್ಲ. ನಾನು ಒಂದು ಸಾಲಿಗೆ ಒಂದು ದಿನ ಇಟ್ಟುಕೊಂಡಿದ್ದೇನೆ. ಲೆಕ್ಕಗಳ ಸಂಖ್ಯೆಯನ್ನೂ ಕಡಿಮೆ ಮಾಡಿದೆ. ಇಡೀ ಅಭ್ಯಾಸದ ಬದಲು ಮೂರೇ ಲೆಕ್ಕ, ಆದರೆ ಪ್ರತಿ ಹಂತಕ್ಕೂ ಪಕ್ಕದಲ್ಲಿ "ಏಕೆ" ಎಂದು ಒಂದು ಸಾಲು ಬರೆಯಬೇಕು. ನಕಲು ಮಾಡಿದವರು ಆ "ಏಕೆ"ಯಲ್ಲಿ ಸಿಕ್ಕಿಬೀಳುತ್ತಾರೆ, ಬೈಯುವ ಅಗತ್ಯವೇ ಇಲ್ಲ.

ಇನ್ನೊಂದು, ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರಿ. ಮೇರಿ ಬಡ್ ರೋ ಎಂಬವರು ಅಮೆರಿಕದ ತರಗತಿಗಳ ಧ್ವನಿಮುದ್ರಣ ಕೇಳಿ ಕಂಡುಕೊಂಡದ್ದು: ಶಿಕ್ಷಕರು ಉತ್ತರಕ್ಕೆ ಸರಾಸರಿ ಒಂದು ಸೆಕೆಂಡು ಮಾತ್ರ ಕಾಯುತ್ತಾರೆ. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾದವು, "ಗೊತ್ತಿಲ್ಲ" ಕಡಿಮೆಯಾಯಿತು. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಇರುವ ಮಗುವಿಗೆ ಮೂರೂ ಸಾಲದು ಎನ್ನುತ್ತೇನೆ ನಾನು. ಅದು ಮೊದಲು ಪ್ರಶ್ನೆಯನ್ನು ತನ್ನ ಮಾತಿಗೆ ತಂದುಕೊಳ್ಳಬೇಕು.

ನಿವೃತ್ತ ಮೇಷ್ಟ್ರು, ಸೋಮವಾರಪೇಟೆ
ಮೂರೇ ಲೆಕ್ಕ ಮಾಡಿಸಿದರೆ ಸಿಲಬಸ್ ಮಾರ್ಚ್‌ಗೆ ಮುಗಿಯುವುದಿಲ್ಲ.

ಅತಿಥಿ ಶಿಕ್ಷಕಿ, ಶನಿವಾರಸಂತೆ
ಸಿಲಬಸ್ ನನ್ನ ಕಡೆಯಿಂದ ಮುಗಿದಿರುತ್ತದೆ ಸರ್, ಮಕ್ಕಳ ಕಡೆಯಿಂದ ಶುರುವೇ ಆಗಿರುವುದಿಲ್ಲ. ನಿಮಗೆ ಯಾವುದು ಬೇಕು?

ಕೂಡಿಗೆ ವಾಸಿ
ನಿರೀಕ್ಷೆಯ ಬಗ್ಗೆ ಚರ್ಚೆಯಾಗುತ್ತಿರುವುದರಿಂದ 1968ರಲ್ಲಿ ಪ್ರಕಟವಾದ ರೋಸೆಂತಾಲ್ ಮತ್ತು ಜೇಕಬ್ಸನ್ ಪ್ರಯೋಗವನ್ನು ನೆನಪಿಸಬೇಕು. ಕ್ಯಾಲಿಫೋರ್ನಿಯಾದ ಪ್ರಾಥಮಿಕ ಶಾಲೆಯೊಂದರಲ್ಲಿ ಶೇ 20ರಷ್ಟು ಮಕ್ಕಳನ್ನು ಚೀಟಿ ಎತ್ತಿದಂತೆ ಆರಿಸಿ, ಇವರು ಈ ವರ್ಷ ಜಿಗಿಯುತ್ತಾರೆ ಎಂದು ಶಿಕ್ಷಕರಿಗೆ ಹೇಳಿದರು. ವರ್ಷದ ಕೊನೆಗೆ ಆ ಮಕ್ಕಳ ಬುದ್ಧಿಮತ್ತೆಯ ಅಂಕ ಉಳಿದವರಿಗಿಂತ ಹೆಚ್ಚು ಏರಿತ್ತು. ಶಿಕ್ಷಕರ ನಂಬಿಕೆಯೇ ಎಲ್ಲ.

ತಿತಿಮತಿ ತಿರುವು
ಎಲ್ಲ ಅಲ್ಲ. ಆ ಏರಿಕೆ ಎದ್ದು ಕಂಡದ್ದು ಒಂದನೇ, ಎರಡನೇ ತರಗತಿಯಲ್ಲಿ ಮಾತ್ರ. ಮೇಲಿನ ತರಗತಿಗಳಲ್ಲಿ ಹೇಳಿಕೊಳ್ಳುವಂಥದ್ದು ಇರಲಿಲ್ಲ. ಪ್ರಯೋಗದ ವಿಧಾನದ ಮೇಲೂ ಆಗಲೇ ಟೀಕೆ ಬಂದಿತ್ತು. ಆಮೇಲೆ ರೌಡನ್‌ಬುಷ್ 1984ರಲ್ಲಿ ಇಂಥ ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಇನ್ನೊಂದು ವಿಷಯ ಹೊರಬಂತು. ಶಿಕ್ಷಕರು ಆ ಮಕ್ಕಳನ್ನು ಎರಡು ವಾರಕ್ಕಿಂತ ಹೆಚ್ಚು ಕಾಲದಿಂದ ಬಲ್ಲವರಾಗಿದ್ದರೆ ಹೊರಗಿನವರು ಏನು ಹೇಳಿದರೂ ಪರಿಣಾಮ ಹೆಚ್ಚುಕಡಿಮೆ ಸೊನ್ನೆ.

ನನ್ನ ಪ್ರಕಾರ ಇದು ನಮಗೆ ಮೂಲ ಪ್ರಯೋಗಕ್ಕಿಂತ ಮುಖ್ಯ. ನಮ್ಮಲ್ಲಿ ಶಾಲೆ ತೆರೆದ ಮೊದಲ ವಾರದಲ್ಲಿ ಏನಾಗುತ್ತದೆ? ಎಂಟನೇ ತರಗತಿಯವರು ಒಂಬತ್ತನೆಯವರಿಗೆ ಪಟ್ಟಿ ಒಪ್ಪಿಸುತ್ತಾರೆ. ಇವನು ಹಾಡಿಯವನು, ಬರುವುದೇ ಇಲ್ಲ. ಇವಳ ಅಣ್ಣನೂ ಹೀಗೆಯೇ ಇದ್ದ. ಮಗುವಿನ ಮುಖ ನೋಡುವ ಮೊದಲೇ ತೀರ್ಪು ಬಂದಿರುತ್ತದೆ. ಆಮೇಲೆ ಸೆಪ್ಟೆಂಬರ್‌ನಲ್ಲಿ ಯಾವ ತರಬೇತಿ ಕೊಟ್ಟರೂ ಆ ತೀರ್ಪು ಅಲುಗುವುದಿಲ್ಲ.

ಕೂಡಿಗೆ ವಾಸಿ
ಕೆಳಗಿನ ತರಗತಿಯ ಮಾತು ಸರಿ, ಒಪ್ಪುತ್ತೇನೆ. ಆದರೆ ಪಟ್ಟಿ ಒಪ್ಪಿಸುವುದನ್ನು ಪೂರ್ತಿ ನಿಲ್ಲಿಸುವಂತಿಲ್ಲ. ಯಾವ ಮಗುವಿಗೆ ಭಾಗಾಕಾರ ಬರುವುದಿಲ್ಲ ಎಂದು ಹೊಸ ಶಿಕ್ಷಕರಿಗೆ ತಿಳಿಯಬೇಡವೇ?

ತಿತಿಮತಿ ತಿರುವು
ಭಾಗಾಕಾರದ ಬಗ್ಗೆ ಬರೆದುಕೊಡಿ, ಅಣ್ಣನ ಬಗ್ಗೆ ಬೇಡ.

ಹಾಕಿ ಕೋಲು
ಇಷ್ಟು ಓದಿದೆ, ಯಾರೂ ಮೈದಾನದ ಕಡೆ ನೋಡಲಿಲ್ಲ. ನಾನು ಗೋಣಿಕೊಪ್ಪದ ಬಳಿ ಹುಡುಗ ಹುಡುಗಿಯರಿಗೆ ಹಾಕಿ ಹೇಳಿಕೊಡುತ್ತೇನೆ. ನಿಮ್ಮ ತರಗತಿಯಲ್ಲಿ ಗೈರಾದ ಅದೇ ಮಕ್ಕಳು ಬೆಳಿಗ್ಗೆ ಆರಕ್ಕೆ ಚಳಿಯಲ್ಲಿ ಬಂದು ನಿಂತಿರುತ್ತಾರೆ. ಒಂದೇ ಹೊಡೆತವನ್ನು ಐವತ್ತು ಸಲ ಮಾಡಿಸುತ್ತೇನೆ, ಕೋಲು ಹಿಡಿದದ್ದು ಸರಿಯಿಲ್ಲದಿದ್ದರೆ ಮತ್ತೆ ಮೊದಲಿನಿಂದ. ಒಬ್ಬರೂ ಅವಮಾನವಾಯಿತು ಎಂದು ಮನೆಗೆ ಹೋಗುವುದಿಲ್ಲ. ಏಕೆ? ಇಲ್ಲಿ ತಪ್ಪುವುದು ದಿನನಿತ್ಯದ ವಿಷಯ, ನನಗೂ ತಪ್ಪುತ್ತದೆ, ಚೆನ್ನಾಗಿ ಆಡುವವನಿಗೂ ತಪ್ಪುತ್ತದೆ. ಮುಂದಿನ ಭಾನುವಾರ ಪಂದ್ಯವಿದೆ ಎಂದೂ ಗೊತ್ತಿರುತ್ತದೆ. ನಿಮ್ಮ ಬೀಜಗಣಿತಕ್ಕೆ ಯಾವ ಭಾನುವಾರ ಪಂದ್ಯವಿದೆ?

ಏಲಕ್ಕಿ ಗಿಡ
ಪಂದ್ಯ ಎಂದ ಮೇಲೆ ಬೆಂಚಿನಲ್ಲಿ ಕೂರುವವರೂ ಇರುತ್ತಾರೆ. ಹನ್ನೊಂದು ಜನರನ್ನು ಆರಿಸಿ ಉಳಿದವರನ್ನು ಮನೆಗೆ ಕಳುಹಿಸುವ ಸೌಕರ್ಯ ತರಬೇತುದಾರರಿಗಿದೆ, ಶಿಕ್ಷಕರಿಗಿಲ್ಲ. ಹಾಕಿಗೆ ಬರುವ ಮಗು ಇಷ್ಟಪಟ್ಟು ಬಂದಿರುತ್ತದೆ. ಗಣಿತಕ್ಕೆ ವೇಳಾಪಟ್ಟಿ ಕರೆತಂದಿರುತ್ತದೆ.

ಹಾಕಿ ಕೋಲು
ಮನೆಗೆ ಕಳುಹಿಸುವುದಿಲ್ಲ. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಕರಡದಲ್ಲಿ ಶುರುವಾದಾಗಿನಿಂದ ನೋಡುತ್ತಿದ್ದೇನೆ, ಅಲ್ಲಿ ಅಜ್ಜನೂ ಆಡುತ್ತಾನೆ, ಮೊಮ್ಮಗಳೂ ಆಡುತ್ತಾಳೆ. ಆಟ ಬಾರದವನಿಗೂ ಜಾಗವಿದೆ, ಆದರೆ ಚೆಂಡು ಬಂದರೆ ಹೊಡೆಯಲೇಬೇಕು.

ಬ್ರಹ್ಮಗಿರಿ ಮಂಜು
ಎಲ್ಲ ಚರ್ಚೆಯೂ ಕೊನೆಗೆ ಹಾಕಿಗೆ ಬರುತ್ತದೆ, ಇಲ್ಲವಾದರೆ ಆನೆಗೆ.

ನಾಲ್ಕೂವರೆ ಬಸ್
ಆನೆಯನ್ನು ನಾನು ತರುತ್ತೇನೆ, ಹಾಸ್ಯಕ್ಕಲ್ಲ. ಹಿಂದುಳಿದ ಮಕ್ಕಳಿಗೆ ಸಂಜೆ ವಿಶೇಷ ತರಗತಿ ಮಾಡಿ ಎಂದು ಮೇಲಿನವರು ಹೇಳುತ್ತಾರೆ. ಮಾಲ್ದಾರೆ, ಚೆನ್ನಂಗಿ ಕಡೆಯ ಮಕ್ಕಳು ತೋಟದ ನಡುವಿನ ದಾರಿಯಲ್ಲಿ ನಡೆದು ಹೋಗಬೇಕು. ಐದೂವರೆಗೆ ಬಿಟ್ಟರೆ ಮನೆ ಸೇರುವ ಹೊತ್ತಿಗೆ ಕತ್ತಲೆ. ಅದೇ ಹೊತ್ತಿಗೆ ಆನೆ ಹಲಸಿನ ಮರದ ಬುಡದಲ್ಲಿರುತ್ತದೆ. ಆದ್ದರಿಂದ ಏನು ಮಾಡುವುದಿದ್ದರೂ ಶಾಲೆಯ ಅವಧಿಯೊಳಗೇ ಮಾಡಬೇಕು. ಬೆಂಗಳೂರಿನಲ್ಲಿ ಕೂತು ಸುತ್ತೋಲೆ ಬರೆಯುವವರಿಗೆ ಇದು ತಿಳಿಯುವುದಿಲ್ಲ.

ಅತಿಥಿ ಶಿಕ್ಷಕಿ, ಶನಿವಾರಸಂತೆ
ಇದಕ್ಕೆ ನನ್ನ ಮತ. ಬೆಳಿಗ್ಗೆ ಬಸ್ಸಿಗೆ ಬೇಗ ಬಂದು ಆವರಣದಲ್ಲಿ ಸುಮ್ಮನೆ ಕೂರುವ ಮಕ್ಕಳಿದ್ದಾರಲ್ಲ, ಆ ಅರ್ಧ ಗಂಟೆಯನ್ನು ಹಿಡಿಯಿರಿ.

ಕೂಡಿಗೆ ವಾಸಿ
ಹಾಕಿ ಕೋಲು ಅವರ ಪಂದ್ಯದ ಪ್ರಶ್ನೆ ಚೆನ್ನಾಗಿದೆ. ಗಣಿತಕ್ಕೂ ಒಂದು ಬಳಕೆ ಇರಬೇಕು. ಒಂಬತ್ತನೇ ತರಗತಿಯಲ್ಲಿ ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣ ಬರುತ್ತದೆ. ತೋಟದ ಉದಾಹರಣೆ ಕೊಡಿ. ಕೊಯ್ದ ಹಣ್ಣು ಇಷ್ಟು ಕೆ.ಜಿ., ಕೆ.ಜಿ.ಗೆ ಇಷ್ಟು ಕೂಲಿ, ಮುಂಗಡ ಇಷ್ಟು ಕಳೆದರೆ ಶನಿವಾರ ಕೈಗೆ ಬರುವುದೆಷ್ಟು? ಮಕ್ಕಳು ತಕ್ಷಣ ಹಿಡಿಯುತ್ತಾರೆ.

ಲೈನ್ ಮನೆ ಹುಡುಗ
ಹಿಡಿಯುತ್ತಾರೆ, ನಿಜ. ಅಮ್ಮನ ಚೀಲದ ತೂಕಕ್ಕೂ ತೋಟದ ಲೆಕ್ಕ ಬರೆಯುವ ರೈಟರ್ ಬರೆದುಕೊಂಡ ತೂಕಕ್ಕೂ ಇರುವ ವ್ಯತ್ಯಾಸವನ್ನು ನಾನು ಆರನೇ ತರಗತಿಯಲ್ಲೇ ಬಾಯಲ್ಲಿ ಲೆಕ್ಕ ಹಾಕುತ್ತಿದ್ದೆ. ಆದರೆ ವರ್ಷವಿಡೀ ಕೂಲಿಯ ಲೆಕ್ಕವನ್ನೇ ಕೊಡಬೇಡಿ. ಮಡಿಕೇರಿಯ ಮಗುವಿಗೆ ರಾಕೆಟ್ಟಿನ ವೇಗ, ನಮಗೆ ಕೊಯ್ಲಿನ ಕೂಲಿ ಎಂದರೆ ಅದೂ ಒಂದು ರೀತಿ "ಪಾಸಾದರೆ ಸಾಕು" ಅಲ್ಲವೇ? ತೋಟದಿಂದ ಶುರು ಮಾಡಿ, ಅಲ್ಲೇ ಬಿಟ್ಟು ಹೋಗಬೇಡಿ. ನನಗೆ ರಾಕೆಟ್ಟಿನ ಲೆಕ್ಕವೂ ಬೇಕಾಗಿತ್ತು.

ಏಲಕ್ಕಿ ಗಿಡ
ಈ ಚರ್ಚೆಯಲ್ಲಿ ಇಲ್ಲಿಯವರೆಗೆ ಬಂದ ಅತ್ಯುತ್ತಮ ಮಾತು ಇದು.

ನಿವೃತ್ತ ಮೇಷ್ಟ್ರು, ಸೋಮವಾರಪೇಟೆ
ಹುಡುಗನ ಮಾತಿಗೆ ನನ್ನ ಒಪ್ಪಿಗೆಯೂ ಇದೆ. ಆದರೆ ಜನವರಿಯಲ್ಲಿ ರೊಬಸ್ಟಾ ಕೊಯ್ಲು ಶುರುವಾದರೆ ಅರ್ಧ ತರಗತಿ ಖಾಲಿ. ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ. ಈಗಂತೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬಂದ ಮೇಲೆ "ಒಂದರಲ್ಲಿ ಹೋದರೆ ಇನ್ನೊಂದಿದೆ" ಎನ್ನುವ ಧೈರ್ಯ ಬೇರೆ. ನಿರೀಕ್ಷೆ ಎತ್ತರದಲ್ಲಿಡುವುದು ಎಂದರೆ ಏನು ಉಳಿಯಿತು?

ತಿತಿಮತಿ ತಿರುವು
ಒಂದಕ್ಕಿಂತ ಹೆಚ್ಚು ಪರೀಕ್ಷೆ ಇಡುವುದನ್ನು ನಾನು ಬೈಯುವುದಿಲ್ಲ ಸರ್. ಬಿದ್ದವನು ಒಂದು ವರ್ಷ ತೋಟಕ್ಕೆ ಹೋದರೆ ಮತ್ತೆ ಬರುವುದಿಲ್ಲ, ಇದನ್ನು ನೀವೂ ನೋಡಿದ್ದೀರಿ. ಮತ್ತೆ ಬರೆಯಲು ಬಿಡುವುದು ಮಟ್ಟ ಇಳಿಸಿದಂತಲ್ಲ. ಮಟ್ಟ ಇಳಿಯುವುದು ಉತ್ತರ ಹೇಳಿಕೊಟ್ಟು ಬರೆಸಿದಾಗ.

ಕೊಯ್ಲಿನ ಗೈರಿಗೆ ನಾವು ಡಿಸೆಂಬರ್‌ನಲ್ಲೇ ಲೈನಿಗೆ ಹೋಗಿ ಮಾತನಾಡುತ್ತೇವೆ. ಮಗುವಿನ ಬಗ್ಗೆ ದೂರು ಹೇಳುವುದಕ್ಕಲ್ಲ. ಇವನಿಗೆ ಏನು ಚೆನ್ನಾಗಿ ಬರುತ್ತದೆ ಎಂದು ಒಂದು ವಿಷಯವನ್ನಾದರೂ ಹೇಳಿ, ಆಮೇಲೆ ಜನವರಿಯ ಮಾತು ತೆಗೆಯುತ್ತೇವೆ. ಟೀಚರ್ ಬಂದರೆ ಬೈಗುಳವೇ ಎಂದು ಒಳಗೆ ಅಡಗುತ್ತಿದ್ದ ತಂದೆಯರು ಈಗ ಕುರ್ಚಿ ತಂದಿಡುತ್ತಾರೆ. ಎಲ್ಲರೂ ಕಳುಹಿಸುತ್ತಾರೆ ಎಂದು ಹೇಳಲಾರೆ.

ಬ್ರಹ್ಮಗಿರಿ ಮಂಜು
ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ, ಕೆಳಗಿನ ತರಗತಿಗಳ ನಲಿ-ಕಲಿ ಪದ್ಧತಿ ಈ ಗೈರಿನ ಸಮಸ್ಯೆಗೆ ಉತ್ತರವಾಗಿತ್ತಲ್ಲ? ಮಗು ಎಲ್ಲಿ ಬಿಟ್ಟಿತೋ ಅಲ್ಲಿಂದಲೇ ಮುಂದುವರಿಯುವ ಮೆಟ್ಟಿಲು. ಮೂರನೇ ತರಗತಿ ದಾಟಿದ ಕೂಡಲೇ ಆ ಮೆಟ್ಟಿಲನ್ನು ತೆಗೆದುಬಿಟ್ಟು, ಇನ್ನು ಎಲ್ಲರೂ ಒಂದೇ ಪುಟದಲ್ಲಿರಿ ಎನ್ನುತ್ತೇವೆ.

ಕಾಫಿಹೂ
ಇಷ್ಟು ಉತ್ತರ ನಿರೀಕ್ಷಿಸಿರಲಿಲ್ಲ. ಸೋಮವಾರದಿಂದ ಬೋರ್ಡಿಗೆ ಕರೆಯುವುದು ಬಂದ್. ಮೂರು ಲೆಕ್ಕ, ಪಕ್ಕದಲ್ಲಿ "ಏಕೆ", ದಿನಕ್ಕೊಂದು ಸಾಲು. ಕೆಂಪು ಶಾಯಿಯಲ್ಲಿ ಅಂಕ ಹಾಕುವುದಿಲ್ಲ, "ಇಲ್ಲಿಯವರೆಗೆ ಸರಿ" ಎಂದು ಗುರುತು ಹಾಕಿ ಹಿಂದಿರುಗಿಸುತ್ತೇನೆ. ಒಂದು ಸಂಶಯ ಉಳಿದಿದೆ: ಎರಡು ಸಲ ಹಿಂದಿರುಗಿಸಿದ ಮೇಲೂ ಹಾಳೆ ಖಾಲಿಯೇ ಬಂದರೆ?

ಲೈನ್ ಮನೆ ಹುಡುಗ
ಮೂರನೆಯ ಸಲವೂ ಹಿಂದಿರುಗಿಸಿ. ಆದರೆ ಆ ಸಲ ಮೊದಲ ಸಾಲನ್ನು ನೀವು ಅವನ ಪಕ್ಕದಲ್ಲಿ ಕೂತು ಬರೆಯಿರಿ, ಎರಡನೆಯದನ್ನು ಅವನು ಬರೆಯಲಿ. ಖಾಲಿ ಹಾಳೆ ಎಂದರೆ ಹಟ ಎಂದುಕೊಳ್ಳುತ್ತಾರೆ. ಬಹಳ ಸಲ ಎಲ್ಲಿಂದ ಶುರು ಮಾಡಬೇಕು ಎಂದೇ ತಿಳಿದಿರುವುದಿಲ್ಲ.

ನಿವೃತ್ತ ಮೇಷ್ಟ್ರು, ಸೋಮವಾರಪೇಟೆ
ನಾಲ್ಕನೆಯ ಸಲ?

ಅತಿಥಿ ಶಿಕ್ಷಕಿ, ಶನಿವಾರಸಂತೆ
ನಾಲ್ಕನೆಯ ಸಲ ನೀವೇ ಬನ್ನಿ ಸರ್, ಬೆತ್ತ ಮನೆಯಲ್ಲಿ ಬಿಟ್ಟು. ನಿಮ್ಮ ಕಾಲದಲ್ಲಿ ಬಾಯಿಲೆಕ್ಕ ಮಾಡಿಸುತ್ತಿದ್ದ ರೀತಿ ನಮಗೂ ಕಲಿಯಬೇಕಾಗಿದೆ, ಗೇಲಿ ಅಲ್ಲ. ಶನಿವಾರ ಬೆಳಿಗ್ಗೆ ಆಗುತ್ತದೆಯೇ?

ನಿವೃತ್ತ ಮೇಷ್ಟ್ರು, ಸೋಮವಾರಪೇಟೆ
ಶನಿವಾರ ಸಂತೆಯ ದಿನ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಶುಕ್ರವಾರ ಬರುತ್ತೇನೆ. ಒಂಬತ್ತನೆಯವರಿಗೆ ಬೇಡ, ಎಂಟನೆಯವರನ್ನು ಕೊಡಿ.